ಜ್ವರ ಬಿಟ್ಟ ಮೇಲೆ

ಕಣ್ಣು ಬಿಡುವುದಕ್ಕೂ ಮೊದಲೇ ನಿಮ್ಮ ಕೈ ಹಣೆಗೆ ಹೋಗುತ್ತದೆ. ಹಣೆ ತಣ್ಣಗಿದೆ. ಅಲ್ಲಿಂದ ಕತ್ತಿನ ಹಿಂಭಾಗಕ್ಕೆ ಹೋಗಿ ಒತ್ತಿ ನೋಡುತ್ತದೆ, ಆಮೇಲೆ ಬಾಯಿಗೆ. ಒಸಡು ಸವರಿದ ಬೆರಳನ್ನು ಕಿಟಕಿಯ ಮಸುಕು ಬೆಳಕಿಗೆ ಹಿಡಿಯುತ್ತೀರಿ. ರಕ್ತ ಇಲ್ಲ. ಇಷ್ಟಾದ ಮೇಲೆ ಉಸಿರು ಬಿಡುತ್ತೀರಿ.

ತೀರ್ಥಹಳ್ಳಿ ಹತ್ತಿರದ ಮೇಳಿಗೆ ಕಡೆಯ ಫೆಬ್ರವರಿಯ ಬೆಳಗು. ಸೂರಿನಿಂದ ಇಬ್ಬನಿ ತೊಟ್ಟಿಕ್ಕುತ್ತಿದೆ. ಅಂಗಳದಾಚೆ ಅಡಿಕೆ ಬೇಯಿಸುವ ಹಂಡೆಯ ಒಲೆ ಆಗಲೇ ಉರಿಯುತ್ತಿದೆ, ಚೊಗರಿನ ಒಗರು ವಾಸನೆ ಹೊಗೆಯ ಜೊತೆ ಒಳಗೆ ಬರುತ್ತದೆ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ನಿಮಗೆ ಆ ವಾಸನೆ ಅಂದರೆ ಕೈತುಂಬ ಕೆಲಸ, ಮನೆಗೆ ನಾಲ್ಕು ಕಾಸು. ಈಗ ಮೂಗಿಗೆ ಬಿದ್ದ ಕೂಡಲೇ ಹೊಟ್ಟೆ ತೊಳೆಸುತ್ತದೆ. ಜ್ವರ ಏರಿದ ದಿನ ಗಾಳಿಯಲ್ಲಿದ್ದದ್ದು ಇದೇ ವಾಸನೆ. ಮೈ ಅದನ್ನು ಮರೆತಿಲ್ಲ.

ಎದ್ದು ಕೂರುತ್ತೀರಿ. ಒಮ್ಮೆಗೇ ನಿಂತರೆ ಕಣ್ಣಿಗೆ ಕತ್ತಲೆ ಕವಿಯುತ್ತದೆ, ಹಾಗಾಗಿ ಕಾಲು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನಿರುತ್ತೀರಿ. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಎದೆ ಹೊಡೆದುಕೊಳ್ಳುವ ಸದ್ದು ಕಿವಿಯಲ್ಲೇ ಕೇಳುತ್ತದೆ. ಕಾಫಿ ಲೋಟ ತೆಗೆದುಕೊಂಡರೆ ಕಾಫಿ ಅಲುಗುತ್ತದೆ. ಯಾರೂ ನೋಡದಿರಲಿ ಎಂದು ಎರಡೂ ಕೈಯಲ್ಲಿ ಹಿಡಿಯುತ್ತೀರಿ. ಅತ್ತೆ ನೋಡಿಯೇ ಬಿಡುತ್ತಾರೆ.

"ಇನ್ನೂ ನಡುಕ ಹೋಗ್ಲಿಲ್ವನೇ?"

"ಚಳಿ, ಅತ್ತೆ."

ಜ್ವರ ಬಿಟ್ಟು ಎರಡು ವಾರವಾಗಿದೆ. ಸಂಕ್ರಾಂತಿ ಕಳೆದ ಮೇಲೆ ಕೊಟ್ಟಿಗೆಗೆ ದರಗು ತರಲು ಬೆಟ್ಟಕ್ಕೆ ಹೋಗಿದ್ದಿರಿ. ವರ್ಷಾ ವರ್ಷ ಹೋಗುವ ಜಾಗವೇ. ಒಣಗಿದ ಎಲೆ ಗುಡಿಸಿ, ಕಲ್ಲಿಯಲ್ಲಿ ಒತ್ತಿ ತುಂಬಿ, ತಲೆ ಮೇಲೆ ಹೊತ್ತು ಬಂದಿರಿ. ಆ ಎಲೆಯಲ್ಲಿ ಕಣ್ಣಿಗೆ ಸರಿಯಾಗಿ ಕಾಣಿಸದಷ್ಟು ಚಿಕ್ಕ ಮರಿ ಉಣುಗು ಇತ್ತು. ಕಚ್ಚಿದ್ದು ಗೊತ್ತೇ ಆಗಲಿಲ್ಲ. ಒಂದು ವಾರದೊಳಗೆ, ಒಂದು ಮಧ್ಯಾಹ್ನ, ಹಣೆಯ ಮುಂಭಾಗ ಒಡೆದುಹೋಗುವ ಹಾಗೆ ತಲೆನೋವು ಶುರುವಾಯಿತು. ಸೊಂಟ, ಮೀನಖಂಡ, ಕಣ್ಣುಗುಡ್ಡೆ, ಎಲ್ಲವೂ ನೋವು. ಆಶಾ ಕಾರ್ಯಕರ್ತೆ ಬಂದರು, ರಕ್ತ ಶಿವಮೊಗ್ಗದ ಲ್ಯಾಬಿಗೆ ಹೋಯಿತು, ಫೋನ್ ಬಂತು. ಪಾಸಿಟಿವ್. ಮಂಗನ ಕಾಯಿಲೆ.

ಆ ಎರಡು ಪದ ಕಿವಿಗೆ ಬಿದ್ದ ಗಳಿಗೆಯನ್ನು ನೀವು ಇನ್ನೂ ದಾಟಿಲ್ಲ. ಈ ಸೀಮೆಯಲ್ಲಿ ಅದು ಬರೀ ಒಂದು ರೋಗದ ಹೆಸರಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಹಿಂದೆಯೇ ಮನುಷ್ಯರು ಮಲಗಿದರು, ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ ಪತ್ತೆ ಮಾಡಿದರು. ಅದು ಪುಸ್ತಕದ ಮಾತಾಯಿತು. ನಿಮ್ಮ ತಲೆಯಲ್ಲಿರುವುದು 2019ರ ಅರಳಗೋಡು. ಸಾಗರ ತಾಲ್ಲೂಕಿನ ಆ ಊರಿನಿಂದ ಮಣಿಪಾಲಕ್ಕೆ ಒಬ್ಬರಾದ ಮೇಲೆ ಒಬ್ಬರನ್ನು ಸಾಗಿಸಿದ್ದು, ಕೆಲವರು ತಿರುಗಿ ಬಾರದೇ ಹೋದದ್ದು. 2024ರ ಜನವರಿಯಲ್ಲಿ ಹೊಸನಗರ ತಾಲ್ಲೂಕಿನ ಹದಿನೆಂಟರ ಹುಡುಗಿ ತೀರಿಕೊಂಡಳು ಎಂದು ಟಿ.ವಿ.ಯಲ್ಲಿ ಬಂದದ್ದು. ಜ್ವರದ ತಾಪದಲ್ಲಿ ಮಲಗಿದ್ದಾಗ ನಿಮ್ಮ ಕಣ್ಣೆದುರು ಬರುತ್ತಿದ್ದುದು ಆ ಹುಡುಗಿ. ಮುಖ ನೋಡಿರದಿದ್ದರೂ.

ಆದರೆ ನೀವು ಬದುಕಿದಿರಿ. ಈ ವೈರಸ್ಸಿಗೆ ನೇರ ಔಷಧ ಇಲ್ಲ. ಗ್ಲೂಕೋಸ್, ಪ್ಯಾರಸಿಟಮಾಲ್, ದಿನಾ ಪ್ಲೇಟ್‌ಲೆಟ್ ಲೆಕ್ಕ, ಕಾಯುವುದು. ನೂರು ಜನಕ್ಕೆ ಬಂದರೆ 3ರಿಂದ 5 ಜನ ಹೋಗುತ್ತಾರೆ, ಉಳಿದವರು ಎದ್ದು ಬರುತ್ತಾರೆ. ಎದ್ದು ಬಂದವರ ಕಥೆ ಅಲ್ಲಿಗೆ ಮುಗಿಯಿತೆಂದು ಎಲ್ಲರೂ ಅಂದುಕೊಳ್ಳುತ್ತಾರೆ. ನಾನು ಹೇಳಹೊರಟಿರುವುದು ಆಮೇಲಿನದನ್ನು.

ಹಗಲು ಏರುತ್ತದೆ. ಪಡಸಾಲೆಯಲ್ಲಿ ಹಸಿ ಅಡಿಕೆಯ ರಾಶಿ ಬಿದ್ದಿದೆ. ಮೆಟ್ಟುಗತ್ತಿಯ ಮುಂದೆ ಕೂರುತ್ತೀರಿ. ಅಡಿಕೆಯನ್ನು ಅಲಗಿಗೆ ಒತ್ತಿ ತಿರುವಿದರೆ ಸಿಪ್ಪೆ ಬಿಟ್ಟುಕೊಳ್ಳಬೇಕು. ಸಾವಿರಾರು ಸಲ ಮಾಡಿದ ಕೆಲಸ, ಕಣ್ಣು ಮುಚ್ಚಿದರೂ ಆಗುತ್ತಿತ್ತು. ಇವತ್ತು ಅಡಿಕೆ ಬೆರಳ ಸಂದಿಯಿಂದ ಜಾರಿ ಉರುಳುತ್ತದೆ. ಇನ್ನೊಂದು. ಅಲಗು ಹೆಬ್ಬೆರಳಿನ ಹತ್ತಿರ ಹೋದಾಗ ಎದೆ ಧಸಕ್ಕೆನ್ನುತ್ತದೆ. ರಕ್ತ ಬಂದರೆ ನಿಲ್ಲುತ್ತದೋ ಇಲ್ಲವೋ? ಪ್ಲೇಟ್‌ಲೆಟ್ ಸರಿಯಾಗಿದೆ ಎಂದು ಚೀಟಿಯಲ್ಲಿ ಬರೆದಿದೆ. ಕೈ ಚೀಟಿಯನ್ನು ನಂಬುವುದಿಲ್ಲ. ಅರ್ಧ ಡಬ್ಬ ಆಗುವಷ್ಟರಲ್ಲಿ ಬೆನ್ನು ಬೆವರಿ ಸೀರೆ ಅಂಟಿಕೊಳ್ಳುತ್ತದೆ. ಗೋಡೆಗೆ ಒರಗುತ್ತೀರಿ.

ಪಡಸಾಲೆ ಖಾಲಿ. ಬೇರೆ ವರ್ಷ ಈ ಹೊತ್ತಿಗೆ ಅಕ್ಕಪಕ್ಕದ ನಾಲ್ಕು ಹೆಂಗಸರು ಸುಲಿತಕ್ಕೆ ಬಂದು ಕೂರುತ್ತಿದ್ದರು, ಮಾತಿಗೆ ಕೊನೆ ಇರುತ್ತಿರಲಿಲ್ಲ. ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಆಶಾ ಕಾರ್ಯಕರ್ತೆ ಮನೆಮನೆಗೆ ಅದನ್ನೇ ಹೇಳಿದ್ದಾರೆ. ಎಲ್ಲರೂ ಹೌದು ಹೌದು ಎಂದಿದ್ದಾರೆ, ಯಾರೂ ಬಂದಿಲ್ಲ. ಬೇಲಿಯಾಚೆಯಿಂದಲೇ "ಹುಷಾರಾ?" ಎಂದು ಕೇಳಿ ನಡೆದುಬಿಡುತ್ತಾರೆ. ಸುಸ್ತಿಗಿಂತ ಇದು ಹೆಚ್ಚು ಕೊರೆಯುತ್ತದೆ. ಹಾಗೆಂದು ಬಾಯಿಬಿಟ್ಟು ಹೇಳಲು ನಿಮಗೆ ನಾಚಿಕೆ.

ಮೊನ್ನೆ ಒಂದು ಕ್ಲಿನಿಕ್ಕಿಗೆ ಹೋಗಿಬಂದಿದ್ದೀರಿ. ವೈದ್ಯರು ರಿಪೋರ್ಟಿನ ಮೇಲೆ ಕಣ್ಣಾಡಿಸಿ, ಪೆನ್ನಿನ ಮುಚ್ಚಳ ಹಾಕಿ, "ಎಲ್ಲಾ ನಾರ್ಮಲ್ ಇದೆ. ಏನೂ ಇಲ್ಲಮ್ಮಾ, ಎಲ್ಲಾ ಮನಸ್ಸಿಂದು," ಎಂದರು. ಮುಂದಿನವರು ಒಳಗೆ ಬಂದಾಗಿತ್ತು. ವಾಪಸ್ ಬಸ್ಸಿನಲ್ಲಿ ನಿಮ್ಮ ಯಜಮಾನರು ಕಿಟಕಿಯಾಚೆ ನೋಡುತ್ತ ಕೂತರು. ಮನೆಗೆ ಬಂದ ಮೇಲೆ ಅತ್ತೆ ಆ ಮಾತನ್ನೇ ಎತ್ತಿಕೊಂಡರು: "ಡಾಕ್ಟ್ರೇ ಏನೂ ಇಲ್ಲ ಅಂದಮೇಲೆ ಎದ್ದು ಓಡಾಡು ಮಾರಾಯ್ತಿ, ಸರಿಹೋಗ್ತದೆ." ಅವರ ಧ್ವನಿಯಲ್ಲಿ ಕೆಟ್ಟತನ ಇರಲಿಲ್ಲ. ಆದರೂ ಆ ರಾತ್ರಿ ನೀವು ಗೋಡೆ ಕಡೆ ತಿರುಗಿ ಮಲಗಿದಿರಿ. ನಡುಗುತ್ತಿರುವುದು ಈ ಕೈ, ಕುಸಿಯುತ್ತಿರುವುದು ಈ ಕಾಲು. ನಾನೇನು ನಾಟಕ ಆಡುತ್ತಿದ್ದೇನೆಯೇ?

ಇಲ್ಲ. ನಿಮ್ಮ ಪಕ್ಕದಲ್ಲಿ ಕೂತು ಇದನ್ನು ಹೇಳಲೇಬೇಕು. ಆ ವೈದ್ಯರ ಮಾತಿನಲ್ಲಿ ಅರ್ಧ ಸತ್ಯ ಇತ್ತು, ಹೇಳಿದ ರೀತಿಯಿಂದ ಆ ಅರ್ಧವೂ ಕೆಟ್ಟಿತು. ಕ್ಯಾಸನೂರಿನಲ್ಲಿ ಮಂಗಗಳು ಸತ್ತ ಅದೇ 1957ರಲ್ಲಿ ಏಷ್ಯನ್ ಫ್ಲೂ ಜಗತ್ತನ್ನು ಸುತ್ತುತ್ತಿತ್ತು. ಅಮೆರಿಕದ ಫೋರ್ಟ್ ಡೆಟ್ರಿಕ್‌ನಲ್ಲಿ ಇಂಬೋಡನ್, ಕ್ಯಾಂಟರ್, ಕ್ಲಫ್ ಎಂಬ ಸಂಶೋಧಕರು ಫ್ಲೂ ಬರುವ ಮುಂಚೆಯೇ ನೂರಾರು ಸಿಬ್ಬಂದಿಯ ಮಾನಸಿಕ ಪರೀಕ್ಷೆ ಮಾಡಿಟ್ಟಿದ್ದರು. ಆಮೇಲೆ ಫ್ಲೂ ಬಂತು. ಕೆಲವರು ಬೇಗ ಚೇತರಿಸಿಕೊಂಡರು, ಕೆಲವರಿಗೆ ವಾರಗಟ್ಟಲೆ ಸುಸ್ತು ಬಿಡಲಿಲ್ಲ. ಹಳೆಯ ಪರೀಕ್ಷೆ ತೆಗೆದು ನೋಡಿದರೆ, ತಡವಾಗಿ ಎದ್ದವರಲ್ಲಿ ಕಾಯಿಲೆಗೆ ಮುಂಚಿನಿಂದಲೂ ಮನಸ್ಸು ಕುಗ್ಗುವ ಸ್ವಭಾವ ಹೆಚ್ಚಿತ್ತು. 1961ರಲ್ಲಿ ಅದು ಪ್ರಕಟವಾಯಿತು. ಮನಸ್ಸಿಗೆ ಪಾತ್ರ ಇದೆ ಎಂದು ಹೇಳುವವರು ಇಂದಿಗೂ ಅದನ್ನು ನೆನೆಯುತ್ತಾರೆ.

ಅವರು ಎಷ್ಟೋ ಸಲ ಮರೆಯುವುದು ಡಬ್ಬೊವನ್ನು. ಆಸ್ಟ್ರೇಲಿಯಾದ ಒಳನಾಡಿನ ಈ ಪಟ್ಟಣದ ಸುತ್ತಮುತ್ತ, ಸೊಳ್ಳೆಯಿಂದ ಬರುವ ರಾಸ್ ರಿವರ್ ವೈರಸ್ ಸೇರಿ ಮೂರು ಬಗೆಯ ಸೋಂಕಿಗೆ ಸಿಕ್ಕ 253 ಜನರನ್ನು ಸಂಶೋಧಕರು ಮೊದಲ ದಿನಗಳಿಂದಲೇ ಹಿಂಬಾಲಿಸಿ ನೋಡಿದರು. ಆರು ತಿಂಗಳಾದರೂ ಶೇಕಡಾ 12 ಜನರಿಗೆ ಸುಸ್ತು, ಮೈನೋವು, ಮಂಕು ಉಳಿದೇ ಇತ್ತು. 2006ರಲ್ಲಿ ಹೊರಬಂದ ಆ ಅಧ್ಯಯನ ಹೇಳಿದ್ದು ಸ್ಪಷ್ಟ: ಯಾರಿಗೆ ಉಳಿಯುತ್ತದೆ ಎನ್ನುವುದನ್ನು ಸೂಚಿಸಿದ್ದು ಮೊದಲ ಕಾಯಿಲೆಯ ತೀವ್ರತೆ, ಅವರ ಮುಂಚಿನ ಮನಸ್ಥಿತಿಯಲ್ಲ. ಕೋವಿಡ್ ಬಂದ ಮೇಲೆ ಲೋಲಕ ಮತ್ತೆ ಮನಸ್ಸಿನ ಕಡೆ ಬಂತು. ಸೋಂಕಿಗೆ ಮುಂಚೆ ಖಿನ್ನತೆ, ಆತಂಕ, ಒಂಟಿತನ ಇದ್ದವರಲ್ಲಿ ಲಕ್ಷಣಗಳು ಉಳಿದುಕೊಳ್ಳುವ ಸಂಭವ ಹೆಚ್ಚು ಎಂದು ಹಾರ್ವರ್ಡ್‌ನ ಸಂಶೋಧಕರು 2022ರಲ್ಲಿ ಬರೆದರು. ಅದರ ಅರ್ಥ ಕಾಯಿಲೆ ಕಲ್ಪನೆ ಅಂತಲ್ಲ ಎಂದೂ ಅವರೇ ಒತ್ತಿ ಹೇಳಿದರು. ಏಟು ಹಾಕಿದ್ದು ವೈರಸ್, ಬಲವಾಗಿಯೇ ಹಾಕಿದೆ. ಗಾಯ ಮಾಯುವ ಜಾಗಕ್ಕೆ ಆಮೇಲೆ ಭಯವೂ ಬಂದು ಕೂರುತ್ತದೆ. ಯಾವುದು ಎಷ್ಟು ಎಂದು ತೂಗಿ ಹೇಳುವ ತಕ್ಕಡಿ ಯಾವ ಕ್ಲಿನಿಕ್ಕಿನಲ್ಲೂ ಇಲ್ಲ.

ನಿಮ್ಮ ಭಯಕ್ಕೆ ಕಾರಣವೂ ಇದೆ. ಮಂಗನ ಕಾಯಿಲೆ ಎರಡು ಸಲ ಬರುತ್ತದೆ. ಎಲ್ಲರಿಗೂ ಅಲ್ಲ, ನೂರರಲ್ಲಿ 10ರಿಂದ 20 ಜನಕ್ಕೆ. ಜ್ವರ ಬಿಟ್ಟು ಒಂದೆರಡು ವಾರ ಆರಾಮಾಗಿದ್ದವರಿಗೆ ಜ್ವರ ಮರುಕಳಿಸುತ್ತದೆ, ಈ ಸಲ ಮಿದುಳಿನ ಲಕ್ಷಣಗಳ ಜೊತೆ: ತಡೆಯಲಾಗದ ತಲೆನೋವು, ಕತ್ತು ಬಿಗಿತ, ನಡುಕ, ಕಣ್ಣು ಮಂಜು, ಅರಳುಮರುಳು. ಆಸ್ಪತ್ರೆಯಿಂದ ಹೊರಡುವಾಗ ನರ್ಸ್ ಇದನ್ನು ಹೇಳಿ ಕಳಿಸಿದ್ದರು. ಹೇಳಲೇಬೇಕಾದ ಮಾತು. ಆದರೆ ಅಂದಿನಿಂದ ನಿಮ್ಮ ತಲೆಯ ಪ್ರತಿಯೊಂದು ನೋವೂ ಪ್ರಶ್ನೆಯಾಗಿದೆ.

ರಾತ್ರಿ. ಹಂಡೆಯ ಒಲೆ ಆರಿದೆ. ದೂರದಲ್ಲಿ ಯಾರದೋ ತೋಟಕ್ಕೆ ನುಗ್ಗಿದ ಹಂದಿ ಓಡಿಸುವ ಪಟಾಕಿ ಸದ್ದು. ನಿದ್ದೆಯ ಅಂಚಿನಲ್ಲಿದ್ದ ನೀವು ಬೆಚ್ಚಿ ಏಳುತ್ತೀರಿ, ಎದ್ದದ್ದೇ ತಲೆಯ ಹಿಂಭಾಗದಲ್ಲಿ ನೋವು.

ಸುಮ್ಮನೆ ಮಲಗುತ್ತೀರಿ. ಅದು ಹೋಗುವುದಿಲ್ಲ. ಕತ್ತಿನಿಂದ ಹಣೆಗೆ ಹತ್ತುತ್ತದೆ. ಗದ್ದವನ್ನು ಎದೆಗೆ ತಾಗಿಸಿ ನೋಡುತ್ತೀರಿ. ತಾಗಿತೇ? ತಾಗಿತು. ಬಿಗಿಯಾಗಿದೆಯೇ? ಬಿಗಿಯಾಗಿದೆ. ಮತ್ತೆ ನೋಡುತ್ತೀರಿ. ಮತ್ತೆ. ಪ್ರತಿಸಲವೂ ಇನ್ನಷ್ಟು ಬಿಗಿ. ಎದೆ ಬಡಿತ ಏರುತ್ತದೆ. ಅಂಗೈ ಬೆವರು. ಬಾಯಿ ಒಣಗಿದೆ. ಬೆರಳ ತುದಿ ಜುಮ್ಮೆನ್ನುತ್ತಿದೆ. ಕ್ಯಾಲೆಂಡರು ಕತ್ತಲಲ್ಲೂ ಕಾಣುತ್ತದೆ: ಜ್ವರ ಬಿಟ್ಟು ಎರಡು ವಾರ. ಸರಿಯಾಗಿ ಈ ಹೊತ್ತು.

"ಇವ್ರೇ. ಏಳಿ. ತಲೆನೋವು."

ಅವರು ದೀಪ ಹಾಕುತ್ತಾರೆ. ಬೆಳಕು ಕಣ್ಣಿಗೆ ಚುಚ್ಚುತ್ತದೆ. ಇದೂ ಲಕ್ಷಣವೇ? ಥರ್ಮಾಮೀಟರ್ ಕಂಕುಳಲ್ಲಿ ತಣ್ಣಗಿದೆ. ಕಾಯುವ ಆ ನಿಮಿಷ ಎಳೆದುಕೊಂಡು ಹೋಗುತ್ತದೆ. ಅತ್ತೆ ಬಾಗಿಲಲ್ಲಿ ನಿಂತಿದ್ದಾರೆ, ಬಾಯಲ್ಲಿ ಮಂಜುನಾಥನ ಹೆಸರು. 98.6. ಜ್ವರ ಇಲ್ಲ. ಈಗ ಇಲ್ಲ. ಇನ್ನೊಂದು ಗಂಟೆಗೆ ಬಂದರೆ?

ಹೋಗುವುದೇ, ಬೆಳಗಿನವರೆಗೆ ಕಾಯುವುದೇ? ಹೋಗಿ ಏನೂ ಇಲ್ಲವೆಂದಾದರೆ "ಮನಸ್ಸಿಂದು" ಎಂಬ ಮಾತು ಇಡೀ ಊರಿಗೆ ಗೊತ್ತಾಗುತ್ತದೆ. ಜೀಪಿನ ಬಾಡಿಗೆ ಬೇರೆ. ಹೋಗದೆ ಉಳಿದು, ನಿಜವಾಗಿಯೂ ಎರಡನೆಯ ಸಲದ್ದೇ ಆಗಿದ್ದರೆ, ಆಗುಂಬೆ ಘಾಟಿಯ ತಿರುವುಗಳನ್ನು ಪ್ರಜ್ಞೆ ಇಲ್ಲದೆ ಇಳಿದು ಮಣಿಪಾಲ ಸೇರಬೇಕಾಗುತ್ತದೆ. ನಿಮ್ಮ ಯಜಮಾನರು ನಿಮ್ಮ ಮುಖ ನೋಡುತ್ತಾರೆ. ಆಮೇಲೆ ಗೂಟದಿಂದ ಅಂಗಿ ತೆಗೆದುಕೊಳ್ಳುತ್ತಾರೆ.

"ನಡಿ. ತೀರ್ಥಹಳ್ಳಿಗೆ ಹೋಗಿ ತೋರಿಸ್ಕಂಡು ಬರುವ. ಏನೂ ಇಲ್ಲ ಅಂದ್ರೆ ಒಳ್ಳೇದೇ ಆತಲ್ಲ."

ಈ ಮನುಷ್ಯ ಆ ರಾತ್ರಿ ಸರಿಯಾದುದನ್ನೇ ಮಾಡಿದರು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಮಂಗನ ಕಾಯಿಲೆಯ ಋತುವಿನಲ್ಲಿ, ಜ್ವರ ಬಿಟ್ಟ ಒಂದರಿಂದ ಮೂರು ವಾರದೊಳಗೆ ಬರುವ ಹೊಸ ತಲೆನೋವನ್ನು ಮನೆಯಲ್ಲಿ ಕೂತು ಇದು ಭಯ, ಇದು ರೋಗ ಎಂದು ಬೇರ್ಪಡಿಸಲು ಹೋಗಬಾರದು.

ಜೀಪು ಕುರುವಳ್ಳಿ ದಾಟಿ ತುಂಗೆಯ ಸೇತುವೆ ಹತ್ತುತ್ತದೆ. ತಣ್ಣನೆಯ ಹೊಳೆಯ ಗಾಳಿ ಮುಖಕ್ಕೆ ಬಡಿಯುತ್ತದೆ. ಆಸ್ಪತ್ರೆಯಲ್ಲಿ ಫಿನಾಯಿಲ್ ವಾಸನೆ, ಟ್ಯೂಬ್‌ಲೈಟಿನ ಗುಂಯ್‌ಗುಡುವ ಸದ್ದು. ರಾತ್ರಿ ಪಾಳಿಯ ವೈದ್ಯೆಗೆ ನಿಮ್ಮ ಮಗಳ ವಯಸ್ಸಿರಬಹುದು. ಅವಸರ ಮಾಡುವುದಿಲ್ಲ. ಜ್ವರ ನೋಡುತ್ತಾರೆ, ತಲೆಯನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಬಗ್ಗಿಸುತ್ತಾರೆ, ಕಣ್ಣಿಗೆ ಟಾರ್ಚ್ ಬಿಡುತ್ತಾರೆ, ಮೂಗು ಮುಟ್ಟಿಸುತ್ತಾರೆ, ಗೆರೆಯ ಮೇಲೆ ನಡೆಸುತ್ತಾರೆ, ಇವತ್ತು ಯಾವ ವಾರ ಎಂದು ಕೇಳುತ್ತಾರೆ. ಮಲಗಿದಾಗ ಒಮ್ಮೆ, ನಿಂತಾಗ ಒಮ್ಮೆ ಬಿ.ಪಿ. ನೋಡುತ್ತಾರೆ. ರಕ್ತವನ್ನೂ ತೆಗೆಸುತ್ತಾರೆ.

"ಇದು ಎರಡನೇ ಸಲದ್ದಲ್ಲ ಅಮ್ಮಾ. ಆದ್ರೆ ನೋವು ನಿಜ."

ಆ ಎರಡನೆಯ ವಾಕ್ಯಕ್ಕೆ ನಿಮ್ಮ ಕಣ್ಣಲ್ಲಿ ನೀರು ಬರುತ್ತದೆ. ಅವರು ಬೆರಳನ್ನು ನಿಮ್ಮ ಕತ್ತಿನ ಸ್ನಾಯುವಿನ ಮೇಲಿಟ್ಟು ಒತ್ತುತ್ತಾರೆ. ಅಲ್ಲೇ, ಸರಿಯಾಗಿ ಅಲ್ಲೇ ನೋವಿದೆ. ಭಯವಾದಾಗ ಈ ಸ್ನಾಯು ಬಿಗಿದುಕೊಳ್ಳುತ್ತದೆ ಎಂದು ಹೇಳುತ್ತಾರೆ, ಬಿಗಿದರೆ ತಲೆಯವರೆಗೂ ನೋವು, ನೋವಿಗೆ ಮತ್ತೆ ಭಯ. ಜೋರಾಗಿ ಉಸಿರಾಡಿದ್ದಕ್ಕೆ ಬೆರಳು ಜುಮ್ಮೆಂದದ್ದು. ಅಡ್ರಿನಲಿನ್ ಏರಿದ್ದಕ್ಕೆ ಎದೆ ಹೊಡೆದುಕೊಂಡದ್ದು. ಸೋಂಕಿನ ವಿರುದ್ಧ ಹೋರಾಡುವಾಗ ದೇಹ ತಾನೇ ಬಿಡುಗಡೆ ಮಾಡುವ ರಾಸಾಯನಿಕಗಳು ಮಿದುಳಿಗೆ ಮಲಗು, ತಿನ್ನಬೇಡ, ಯಾರೂ ಬೇಡ ಎಂದು ಹೇಳುತ್ತವೆ. ವೈರಸ್ ಹೋದರೂ ಆ ಅಪ್ಪಣೆ ತಕ್ಷಣ ನಿಲ್ಲುವುದಿಲ್ಲ. ವಾರಗಟ್ಟಲೆ ಮಲಗಿದ್ದಕ್ಕೆ ತೊಡೆಯ ಮಾಂಸ ಕರಗಿದೆ, ಅದಕ್ಕೇ ನಿಂತಾಗ ಕಾಲು ನಡುಗುವುದು. ಈ ಕಾಯಿಲೆಯಲ್ಲಿ ಚೇತರಿಕೆಗೆ ತಿಂಗಳುಗಳು ಹಿಡಿಯುವುದುಂಟು.

"ನಿದ್ದೆ ಹೇಗಿದೆ?" ಎಂದು ಕೇಳುತ್ತಾರೆ. ಇಷ್ಟು ದಿನದಲ್ಲಿ ಯಾರೂ ಕೇಳಿರದ ಪ್ರಶ್ನೆ. ನೀವು ಹೇಳತೊಡಗುತ್ತೀರಿ. ಖಾಲಿ ಪಡಸಾಲೆ, ಹೊಸನಗರದ ಹುಡುಗಿ, ಬೆಳಗಾದರೆ ಒಸಡು ಮುಟ್ಟಿಕೊಳ್ಳುವುದು, ಎಲ್ಲ. ನಿಮ್ಮ ಯಜಮಾನರು ಇದನ್ನು ಮೊದಲ ಸಲ ಕೇಳುತ್ತಿದ್ದಾರೆ, ನೆಲ ನೋಡುತ್ತ ನಿಂತಿದ್ದಾರೆ.

ಬೆಳಗಿನವರೆಗೆ ಅಲ್ಲೇ ಇಟ್ಟುಕೊಂಡು ಕಳಿಸುತ್ತಾರೆ. ಜ್ವರ ಬಂದರೆ, ವಾಂತಿಯಾದರೆ, ಮಾತು ತೊದಲಿದರೆ ಆ ಕ್ಷಣ ಬರಬೇಕು. ಅವು ಇಲ್ಲದಿದ್ದರೆ ಥರ್ಮಾಮೀಟರ್ ದಿನಕ್ಕೆ ಎರಡೇ ಸಲ, ಒಸಡು ನೋಡುವುದು ಹಲ್ಲುಜ್ಜುವಾಗ ಮಾತ್ರ. ಹಿಮೋಗ್ಲೋಬಿನ್ ಕಡಿಮೆ ಇದೆ, ಕಬ್ಬಿಣದ ಮಾತ್ರೆ. ಮಂಗಳವಾರ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬರುತ್ತಾರೆ. ಅಷ್ಟು ದೂರ ಬರಲಾಗದಿದ್ದರೆ ಟೆಲಿ ಮಾನಸ್ ಸಹಾಯವಾಣಿಗೆ, 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. "ಹುಚ್ಚರ ಡಾಕ್ಟರ್ ಹತ್ರ ಎಂತಕ್ಕೆ?" ಎಂಬ ಮಾತು ನಿಮ್ಮ ನಾಲಿಗೆಯ ತುದಿಗೆ ಬರುತ್ತದೆ. ಹೇಳುವುದಿಲ್ಲ.

ಮಾರ್ಚ್. ಮೊದಲು ಬಾವಿಕಟ್ಟೆಯವರೆಗೆ ನಡೆಯುತ್ತೀರಿ, ಆಮೇಲೆ ತೋಟದ ಸಂಕದವರೆಗೆ. ಒಂದು ದಿನ ಬಹಳ ಹಗುರ ಅನಿಸಿ ಅಂಗಳ ಸಾರಿಸಿ, ಬಟ್ಟೆ ಒಗೆದು, ಎರಡು ಡಬ್ಬ ಸುಲಿದುಬಿಡುತ್ತೀರಿ. ಮರುದಿನ ಏಳಲಾಗುವುದಿಲ್ಲ. ಅದರ ಮರುದಿನವೂ. ಮುಗಿಯಿತು, ಕಾಯಿಲೆ ಮತ್ತೆ ಬಂತು ಎಂದು ಎದೆ ಒಡೆಯುತ್ತದೆ. ಇಲ್ಲ, ಶಕ್ತಿ ಬಂದ ದಿನ ಮೈಮರೆತು ದುಡಿದದ್ದರ ಬಾಕಿ ಅದು. ಸುಸ್ತಾಗುವ ಮೊದಲೇ ನಿಲ್ಲಿಸುವುದು ಸುಸ್ತಾದ ಮೇಲೆ ಮಲಗುವುದಕ್ಕಿಂತ ಕಷ್ಟ. ಕೆಲಸದ ಮನೆಯ ಹೆಂಗಸಿಗೆ ಅರ್ಧ ಗುಡಿಸಿದ ಅಂಗಳ ಬಿಟ್ಟು ಕೂರುವುದೆಂದರೆ ಅವಮಾನ. ಅತ್ತೆ ಬಂದು ಕೈಯಿಂದ ಹಿಡಿಸೂಡಿ ತೆಗೆದುಕೊಳ್ಳುತ್ತಾರೆ, ಏನೂ ಹೇಳದೆ ಉಳಿದರ್ಧ ಗುಡಿಸುತ್ತಾರೆ. ಆ ವೈದ್ಯೆಯ ಮಾತು ಅವರ ಮಗನ ಮೂಲಕ ಅವರಿಗೂ ತಲುಪಿದೆ.

ಒಂದು ಮಧ್ಯಾಹ್ನ ಪಕ್ಕದ ಮನೆಯಾಕೆ ತನ್ನ ಮೆಟ್ಟುಗತ್ತಿ ಹಿಡಿದುಕೊಂಡೇ ಪಡಸಾಲೆಗೆ ಬರುತ್ತಾರೆ. ಇಷ್ಟು ದಿನ ಯಾಕೆ ಬರಲಿಲ್ಲ ಎಂದು ನೀವು ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ಆ ರಾತ್ರಿ ನಿದ್ದೆ ಬರುತ್ತದೆ.

ಬೆಟ್ಟ ಮಾತ್ರ ಉಳಿದಿದೆ. ದರಗು ಇಲ್ಲದೆ ಕೊಟ್ಟಿಗೆ ಕೆಸರಾಗಿದೆ. ಉಣುಗು ಹತ್ತದಂತೆ ಮೈಗೆ ಹಚ್ಚುವ ಡೀಪಾ ಎಣ್ಣೆಯ ಬಾಟಲಿ ಕಿಟಕಿಯಲ್ಲಿದೆ; ಮುಚ್ಚಳ ತೆರೆದರೆ ಸಾಕು, ಬರುವ ವಾಸನೆಗೆ ಕೈ ನಡುಗುತ್ತದೆ. 1990ರಿಂದ ಕೊಡುತ್ತಿದ್ದ ಲಸಿಕೆ ನಿಂತುಹೋಗಿದೆ, ಈಗಿರುವ ಕಾವಲು ಈ ಎಣ್ಣೆ ಮತ್ತು ಎಚ್ಚರ. ಹೋಗಬೇಕೇ? ಭಯವನ್ನು ಗೆಲ್ಲಲು ಭಯಪಟ್ಟಲ್ಲಿಗೇ ಹೋಗಬೇಕು ಎಂಬ ಮಾತು ಎಲ್ಲ ಕಡೆ ಸಲ್ಲುವುದಿಲ್ಲ. ಉಣುಗು ನಿಜವಾಗಿಯೂ ಅಲ್ಲಿದೆ, ಮೇ ತಿಂಗಳವರೆಗೂ ಇರುತ್ತದೆ. ಮುಂದಿನ ಬೇಲಿ ದಾಟಿ ಸುಮ್ಮನೆ ಗದ್ದೆ ಅಂಚಿನಲ್ಲಿ ನಡೆಯಲೂ ಹೆದರುವುದು ಒಂದು. ಕಾಯಿಲೆಯ ಕಾಲದಲ್ಲಿ ಒಣ ಎಲೆಯ ರಾಶಿಗೆ ಕೈ ಹಾಕಲು ಹೆದರುವುದು ಇನ್ನೊಂದು. ಮೊದಲನೆಯದನ್ನು ನೀವು ಬಿಡುತ್ತಿದ್ದೀರಿ. ಎರಡನೆಯದನ್ನು ಇಟ್ಟುಕೊಳ್ಳಿ.

"ಈ ವರ್ಷ ದರಗು ಬ್ಯಾಡ," ಎನ್ನುತ್ತೀರಿ ಊಟದ ಹೊತ್ತಿಗೆ. "ಕೊಟ್ಟಿಗೆಗೆ ಹುಲ್ಲು ಹಾಕುವ. ಮಳೆ ಹಿಡಿದ ಮೇಲೆ ನೋಡುವ."

ಯಜಮಾನರು ಅನ್ನ ಕಲಸುತ್ತ ತಲೆಯಾಡಿಸುತ್ತಾರೆ. ಹುಲ್ಲಿಗೆ ದುಡ್ಡು ಬೇಕು, ಅದು ಇಬ್ಬರಿಗೂ ಗೊತ್ತು.

ಮರುದಿನ ಆಶಾ ಕಾರ್ಯಕರ್ತೆ ರಿಜಿಸ್ಟರ್ ಹಿಡಿದು ಬರುತ್ತಾರೆ. ಮನೆಯಲ್ಲಿ ಯಾರಿಗಾದರೂ ಜ್ವರ? ಹತ್ತಿರದಲ್ಲಿ ಮಂಗ ಸತ್ತಿದೆಯೇ? ಎಣ್ಣೆ ಇದೆಯೇ? ಪೆನ್ನು ಓಡುತ್ತದೆ.

"ಅಕ್ಕ, ನಿಮ್ಗೆ ಈಗ ಜ್ವರ ಎಂತ ಇಲ್ಲ ಅಲ್ದಾ?"

"ಜ್ವರ ಇಲ್ಲ. ಬಿಟ್ಟ ಮೇಲೆ ವಾರಗಟ್ಲೆ ನಿದ್ದೆ ಇರ್ಲಿಲ್ಲ, ಈಗ ಪರ್ವಾಗಿಲ್ಲ. ಅದನ್ನೂ ಬರ್ಕೋ."

ಅವರು ಹಾಳೆ ನೋಡುತ್ತಾರೆ. ಅದಕ್ಕೆ ಅಂಕಣ ಇಲ್ಲ. ಅಂಚಿನಲ್ಲಿ ಬರೆದುಕೊಳ್ಳುತ್ತಾರೆ. ಆಮೇಲೆ ಪೆನ್ನು ಎತ್ತಿ, ಕೆಳಗಿನ ಕೇರಿಯ ಹುಡುಗನೊಬ್ಬ ಹೋದ ವಾರ ಮಣಿಪಾಲದಿಂದ ಬಂದಿದ್ದಾನೆ, ಯಾರ ಹತ್ತಿರವೂ ಮಾತಾಡುತ್ತಿಲ್ಲ ಎನ್ನುತ್ತಾರೆ.

"ಅಷ್ಟು ದೂರ ನಡೆಯಕ್ಕೆ ಆಗ್ತದಾ ನಿಮ್ಗೆ?"

"ಆಗ್ತದೆ. ನಡುವೆ ಒಂದ್ಕಡೆ ಕೂತ್ಕಂಡು ಹೋಗುವ."